ದೇಹಕ್ಕೆ ತಕ್ಕ ಆಸನ

ಆಗಿನ ಗುಲ್ಬರ್ಗಾ, ಈಗಿನ ಕಲಬುರಗಿ ಜಿಲ್ಲೆಯ ಅಫಜಲಪುರದಲ್ಲಿ ನಾನು ತಹಶೀಲ್ದಾರನಾಗಿದ್ದ ಕಾಲ. ಭೀಮಾ ದಂಡೆಯ ಹಳ್ಳಿಯೊಂದರ ಶಾಲೆಯಲ್ಲಿ ಪಿಂಚಣಿ ಅದಾಲತ್ ನಡೆದಿತ್ತು. ವೃದ್ಧಾಪ್ಯ ವೇತನ ಕೋರಿ ಬಂದಿದ್ದ ಅಜ್ಜಿಯೊಬ್ಬರು ಜಗಲಿಯ ಮೂರು ಮೆಟ್ಟಿಲು ಹತ್ತಲಾರದೆ ಅಂಗಳದಲ್ಲೇ ಕುಳಿತುಬಿಟ್ಟಿದ್ದರು. ತೊಗರಿ ಹೊಲದಲ್ಲಿ ಕಳೆ ತೆಗೆದು, ಜೋಳ ಕೊಯ್ದು ಬಾಗಿದ ಬೆನ್ನು ಅವರದು. ನಾನೇ ಕೆಳಗಿಳಿದು ಅರ್ಜಿ ಪಡೆದೆ. ವೇತನ ಬರುವಾಗ ಬರಲಿ, ಮೊದಲು ಮೊಣಕಾಲಿಗೊಂದು ಸೂಜಿ ಹಾಕಿಸಿಕೊಡಿ ಎಂದು ಅವರು ಕೇಳಿಕೊಂಡರು. ಅರ್ಥಶಾಸ್ತ್ರದ ತರಗತಿಯಲ್ಲಿ ದುಡಿಮೆಯ ಬೆಲೆಯನ್ನು ಓದಿದ್ದ ನನಗೆ, ದುಡಿದ ದೇಹದ ನೋವಿನ ಲೆಕ್ಕವನ್ನು ಯಾರೂ ಕಲಿಸಿರಲಿಲ್ಲ.

ಔಷಧವಿಲ್ಲದೆ ಇಂತಹ ನೋವನ್ನು ಶಮನಗೊಳಿಸುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ. ಅಮೆರಿಕದ ಆ್ಯಂಡ್ರೂ ಟೇಲರ್ ಸ್ಟಿಲ್ 1874ರಲ್ಲಿ ಆಸ್ಟಿಯೋಪಥಿ ಪದ್ಧತಿಯನ್ನು ಸಾರಿ, 1892ರಲ್ಲಿ ಮಿಸೌರಿ ರಾಜ್ಯದಲ್ಲಿ ಅದಕ್ಕೊಂದು ಶಾಲೆ ತೆರೆದರು. ಅಲ್ಲಿ ಚಿಕಿತ್ಸಕನ ಕೈಗಳು ಕೀಲು, ಸ್ನಾಯುಗಳನ್ನು ಸಡಿಲಿಸುತ್ತವೆ. ಕನ್ನಡ ನಾಡಿನಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ಹಿಡಿದ ದಾರಿ ಬೇರೆ. ಅಲ್ಲಿ ರೋಗಿ ತಾನೇ ಉಸಿರಿನೊಡನೆ ದೇಹವನ್ನು ಚಲಿಸಬೇಕು. ಆದರೆ ಆ ಚಲನೆಯನ್ನು ರೋಗಿಗೆ ಹೊಂದಿಸುವುದನ್ನು ಅವರು ಕಲಿತದ್ದು ದೀರ್ಘ ಕಾಲದಲ್ಲಿ. ಅವರ ಜೀವನ ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೆ.

ಚಿತ್ರದುರ್ಗ ಜಿಲ್ಲೆಯಲ್ಲಿ 1888ರ ನವೆಂಬರ್‌ನಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು ಮೈಸೂರು ಸೇರಿದರು. ಬಳಿಕ ಕಾಶಿಯಲ್ಲಿ ಶಾಸ್ತ್ರಾಧ್ಯಯನ ಮಾಡಿದರು. ಹಿಮಾಲಯದಾಚೆ ಗುರುವೊಬ್ಬರ ಬಳಿ ಏಳು ವರ್ಷಕ್ಕೂ ಮಿಕ್ಕಿ ಯೋಗ ಕಲಿತುದಾಗಿ ಅವರು ಹೇಳಿಕೊಂಡಿದ್ದಾರೆ; ಅದಕ್ಕೆ ಅವರ ಮಾತೇ ಆಧಾರ. ಇಷ್ಟು ಓದಿ ಮರಳಿದ ವಿದ್ವಾಂಸರು ಹೊಟ್ಟೆಪಾಡಿಗಾಗಿ ಹಾಸನದ ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡಬೇಕಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ದೊರೆತ ಮೇಲೆ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ಆರಂಭವಾಯಿತು. ಮರುವರ್ಷ ‘ಯೋಗ ಮಕರಂದ’ ಕನ್ನಡದಲ್ಲಿಯೇ ಪ್ರಕಟವಾಯಿತು.

ಮೈಸೂರಿನ ಕೃಷ್ಣಮಾಚಾರ್ಯರು ಕಠೋರ ಗುರು. ಚುರುಕಾದ ಹುಡುಗರಿಗೆ ಕಷ್ಟದ ಆಸನಗಳನ್ನು ಕಲಿಸಿ, ಊರೂರುಗಳಲ್ಲಿ ಪ್ರದರ್ಶನ ನೀಡುತ್ತಿದ್ದರು. ಅವರ ಭಾವಮೈದುನ, ಮುಂದೆ ಜಗತ್ಪ್ರಸಿದ್ಧರಾದ ಬಿ.ಕೆ.ಎಸ್. ಅಯ್ಯಂಗಾರ್, ಸಿದ್ಧತೆಯಿಲ್ಲದೆ ಹನುಮಾನಾಸನ ಮಾಡಬೇಕಾಗಿ ಬಂದು ತೊಡೆಯ ಸ್ನಾಯು ಹರಿದುಕೊಂಡದ್ದನ್ನು ತಾವೇ ಹೇಳಿಕೊಂಡಿದ್ದಾರೆ. ಗುಣಪಡಿಸಬೇಕಾದ ವಿದ್ಯೆಯೇ ಅಂದು ಗಾಯ ಮಾಡಿತ್ತು. ಆ ನೋವುಂಡ ಶಿಷ್ಯರು ಮುಂದೆ ಪುಣೆಯಲ್ಲಿ ಹಗ್ಗ, ಕುರ್ಚಿ, ಮರದ ತುಂಡುಗಳ ಆಸರೆಯಲ್ಲಿ ಅಶಕ್ತರಿಗೂ ಆಸನ ಸಾಧ್ಯವಾಗಿಸಿದರು.

ಗುರುವಿನ ಬದುಕೂ ತಿರುಗಿತು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಕೃಷ್ಣಮಾಚಾರ್ಯರು ಸಂಸಾರದೊಡನೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಪಾರ್ಶ್ವವಾಯು ಪೀಡಿತರಾಗಿದ್ದ ನ್ಯಾಯವಾದಿಯೊಬ್ಬರ ಚಿಕಿತ್ಸೆಗೆಂದು ಕರೆ ಬಂದುದರಿಂದ ಅವರು ಮದ್ರಾಸಿಗೆ ಹೋದರು. ಎದುರಿಗೆ ಈಗ ಮಣಿಯುವ ಮೈಯ ಹುಡುಗರಿರಲಿಲ್ಲ. ನಡೆಯಲಾರದವರು, ನಿದ್ರೆ ಬಾರದವರು, ಸೊಂಟ ಹಿಡಿದವರು ಇದ್ದರು. ಅವರು ನಾಡಿ ನೋಡಿ, ಉಸಿರಾಟ ಗಮನಿಸಿ, ಆಹಾರ ಮತ್ತು ಕಸುಬನ್ನು ವಿಚಾರಿಸಿ ಒಬ್ಬೊಬ್ಬರಿಗೂ ಬೇರೆ ಅಭ್ಯಾಸ ರೂಪಿಸತೊಡಗಿದರು. ವರ್ಷಗಳ ನಂತರ ಚೆನ್ನಾಗಿ ನಿದ್ರಿಸಿದ ವಿದೇಶಿ ಮಹಿಳೆಯೊಬ್ಬರು ಹರ್ಷದಿಂದ ತಂದೆಯನ್ನು ಅಪ್ಪಿಕೊಂಡುದನ್ನು ಕಂಡ ಮಗ ದೇಶಿಕಾಚಾರ್ ಎಂಜಿನಿಯರ್ ವೃತ್ತಿಯನ್ನೇ ತೊರೆದು ಶಿಷ್ಯರಾದರು. 1976ರಲ್ಲಿ ತಂದೆಯ ಹೆಸರಿನಲ್ಲಿ ಯೋಗ ಮಂದಿರ ಸ್ಥಾಪಿಸಿದರು.

ತೊಂಬತ್ತಾರನೆಯ ವಯಸ್ಸಿನಲ್ಲಿ ಕೃಷ್ಣಮಾಚಾರ್ಯರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಒಲ್ಲದೆ, ಮಲಗಿದಲ್ಲಿಯೇ ಮಾಡಬಹುದಾದ ಅಭ್ಯಾಸವನ್ನು ತಮಗಾಗಿ ರಚಿಸಿಕೊಂಡರು. ಇದನ್ನು ಯಾರೂ ಅನುಕರಿಸಬಾರದು. ಮುರಿದ ಸೊಂಟಕ್ಕೆ ಇಂದು ಶೀಘ್ರ ಶಸ್ತ್ರಚಿಕಿತ್ಸೆಯೇ ಸಾಮಾನ್ಯವಾಗಿ ಸರಿಯಾದ ದಾರಿ. ಆದರೆ ಕಷ್ಟದ ಆಸನಗಳ ಗುರು ಕೊನೆಗೆ ಹಾಸಿಗೆಯ ಮೇಲಿನ ಸಣ್ಣ ಚಲನೆಯನ್ನೂ ಯೋಗವೆಂದೇ ಕಂಡರೆಂಬುದು ಗಮನಾರ್ಹ. 1989ರ ಫೆಬ್ರುವರಿ 28ರಂದು, ನೂರು ತುಂಬಿದ ಮೇಲೆ, ಅವರು ನಿಧನರಾದರು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೀರ್ಘಕಾಲದ ಸೊಂಟನೋವಿಗೆ ನೀಡಿದ ಮಾರ್ಗಸೂಚಿಯಲ್ಲಿ ವ್ಯಾಯಾಮಕ್ಕೂ, ಕೈಯಿಂದ ಮಾಡುವ ಬೆನ್ನುಮೂಳೆ ಚಿಕಿತ್ಸೆಗೂ ಸ್ಥಾನವಿದೆ. ಅಫೀಮು ಮೂಲದ ನೋವುನಿವಾರಕಗಳಿಗಿಲ್ಲ. ಆರೈಕೆ ವ್ಯಕ್ತಿಗೆ ತಕ್ಕಂತಿರಬೇಕೆಂದೂ ಅದು ತಿಳಿಸುತ್ತದೆ. ನಮ್ಮಲ್ಲಾದರೋ, 2015ರಿಂದ ಪ್ರತಿ ಜೂನ್ 21ರಂದು ಮೈದಾನಗಳಲ್ಲಿ ಸಾವಿರಾರು ಮಂದಿ ಒಂದೇ ಆಸನವನ್ನು ಒಟ್ಟಿಗೆ ಮಾಡುತ್ತಾರೆ. ಉತ್ಸಾಹ ಮೂಡಿಸಲು ಅದು ಒಳ್ಳೆಯದೇ. ಆದರೆ ಆಸನಕ್ಕೆ ಮೈ ಒಗ್ಗಿಸುವುದರಿಂದ ಮೈಗೆ ಆಸನ ಒಗ್ಗಿಸುವವರೆಗಿನ ದಾರಿಯನ್ನು ಕೃಷ್ಣಮಾಚಾರ್ಯರು ಸವೆಸಿದ್ದು ನಮಗೆ ಮರೆತಿದೆ.

ಅಂದು ಆ ಅಜ್ಜಿಗೆ ವೇತನ ಮಂಜೂರು ಮಾಡುವುದು ನನ್ನ ಅಧಿಕಾರದಲ್ಲಿತ್ತು, ಮಾಡಿದೆ. ಅವರ ಮೊಣಕಾಲನ್ನು ಮುಟ್ಟಿ ನೋಡಿ, ಹೇಗೆ ಕೂರಬೇಕು, ಹೇಗೆ ಏಳಬೇಕು ಎಂದು ಹತ್ತು ನಿಮಿಷ ತೋರಿಸಿಕೊಡುವವರು ಆ ಅದಾಲತ್ತಿನಲ್ಲಿ ಇರಲಿಲ್ಲ. ಅಂತಹ ಒಬ್ಬರನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತಲುಪಿಸುವುದು ಸರ್ಕಾರಕ್ಕೆ ದೊಡ್ಡ ಖರ್ಚಲ್ಲ. ಅಧಿಕಾರದಲ್ಲಿದ್ದಾಗ ನನಗೆ ಇದು ಹೊಳೆಯಲಿಲ್ಲ. ಇಂದು ಆ ಕುರ್ಚಿಗಳಲ್ಲಿ ಇರುವವರಿಗೆ ಹೊಳೆಯಲಿ.