ದೊಡ್ಡ ಫೋರ್ ವೀಲ್ ಡ್ರೈವ್‌ಗೆ ಸಣ್ಣ ಟರ್ಬೊ ಡೀಸೆಲ್ ಎಂಜಿನ್ ಸಾಕೇ? ರುಡಾಲ್ಫ್ ಡೀಸೆಲ್ ಬದುಕಿನಲ್ಲಿದೆ ಉತ್ತರ

ಈ ಫಾರ್ವರ್ಡ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಎರಡು ಟನ್ ತೂಕದ ಗಾಡಿಗೆ ಸಣ್ಣ ಎಂಜಿನ್ ಹಾಕುವುದು ಎತ್ತಿನ ಗಾಡಿಗೆ ಮೇಕೆ ಕಟ್ಟಿದ ಹಾಗೆ, ಸಿಸಿ ಜಾಸ್ತಿ ಇದ್ದರೆ ಮಾತ್ರ ಶಕ್ತಿ, ಟರ್ಬೊ ಎಂಜಿನ್ ಲಕ್ಷ ಕಿಲೋಮೀಟರ್ ದಾಟುವುದಿಲ್ಲ ಎನ್ನುತ್ತದೆ ಅದು. ಜೊತೆಗೊಂದು ಬಾಲ: ಡೀಸೆಲ್ ಎಂಜಿನ್ ಕಂಡುಹಿಡಿದವರು ಅದನ್ನು ಮಾಡಿದ್ದೇ ಕಡಲೆಕಾಯಿ ಎಣ್ಣೆಗೆ, ಅದಕ್ಕೇ ತೈಲ ಕಂಪನಿಗಳು ಅವರನ್ನು ಸಮುದ್ರಕ್ಕೆ ತಳ್ಳಿಸಿದವು.

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಓದುಗರೊಬ್ಬರು ಇದನ್ನು ನಮಗೆ ಕಳಿಸಿ, ನಿಜವೇ ಎಂದು ಕೇಳಿದ್ದಾರೆ. ಅವರು ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಒಂದನ್ನು ನೋಡುತ್ತಿದ್ದಾರೆ. ವಾರವೆಲ್ಲ ಬೆಂಗಳೂರಿನ ರಸ್ತೆ, ಮಳೆಗಾಲದಲ್ಲಿ ತೋಟದ ಕೆಸರು ದಾರಿ. ಹಲವು ಲಕ್ಷ ರೂಪಾಯಿಯ ತೀರ್ಮಾನ ಒಂದು ಫಾರ್ವರ್ಡ್ ಮೇಲೆ ನಿಲ್ಲಬಾರದು. ಹಾಗಾಗಿ ಈ ಎಂಜಿನ್ ಹುಟ್ಟಿಸಿದವರ ಬದುಕಿನಿಂದಲೇ ಶುರು ಮಾಡೋಣ.

ಯುದ್ಧ ಊರು ಬಿಡಿಸಿತು

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಕಡೆಯವರು. ತಂದೆ ಪುಸ್ತಕದ ಬೈಂಡಿಂಗ್ ಕೆಲಸ ಕಲಿತವರು, ಚರ್ಮದ ಸಾಮಾನು ಮಾಡುತ್ತಿದ್ದರು. 1870ರಲ್ಲಿ ಫ್ರಾನ್ಸಿಗೂ ಜರ್ಮನ್ನರಿಗೂ ಯುದ್ಧ ಶುರುವಾದಾಗ ಕುಟುಂಬ ಪ್ಯಾರಿಸ್ ಬಿಟ್ಟು ಲಂಡನ್‌ಗೆ ಹೋಗಬೇಕಾಯಿತು. ಅಲ್ಲಿಂದ 12 ವರ್ಷದ ರುಡಾಲ್ಫ್‌ನನ್ನು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿದ್ದ ನೆಂಟರ ಮನೆಗೆ ಓದಲು ಕಳಿಸಿದರು. ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು.

ಹುಡುಗ ಶಾಲೆಯಲ್ಲಿ ಮೊದಲಿಗ. ಸ್ಕಾಲರ್‌ಶಿಪ್ ಪಡೆದು ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿದ. ಶೈತ್ಯೀಕರಣ ಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ ಅಲ್ಲಿ ಪಾಠ ಮಾಡುತ್ತಿದ್ದರು. ಶಾಖದಿಂದ ಕೆಲಸ ತೆಗೆಯುವ ಯಂತ್ರಗಳ ಗಣಿತವನ್ನು ಡೀಸೆಲ್ ಕಲಿತದ್ದು ಇವರಿಂದ. ಕಲ್ಲಿದ್ದಲಿನಲ್ಲಿರುವ ಶಾಖದಲ್ಲಿ ಒಳ್ಳೆಯ ಉಗಿ ಎಂಜಿನ್ ಕೂಡ ನೂರಕ್ಕೆ ಹತ್ತರ ಆಸುಪಾಸು ಮಾತ್ರ ಕೆಲಸವಾಗಿ ಕೊಡುತ್ತಿದ್ದ ಕಾಲ ಅದು. ಉಳಿದದ್ದು ಹೊಗೆಯಾಗಿ, ಉಗಿಯಾಗಿ ಹೋಗುತ್ತಿತ್ತು. ಈ ಪೋಲು ತಪ್ಪಿಸಬೇಕೆಂಬ ಆಸೆ ಡೀಸೆಲ್ ತಲೆಗೆ ಹೊಕ್ಕಿತು. ಟೈಫಾಯ್ಡ್ ಬಂದು ಪರೀಕ್ಷೆ ತಪ್ಪಿದರೂ 1880ರಲ್ಲಿ ಅತ್ಯುತ್ತಮ ಅಂಕಗಳೊಂದಿಗೆ ಪಾಸಾದರು. ಲಿಂಡೆಯವರ ಸಂಸ್ಥೆಗಾಗಿ ಪ್ಯಾರಿಸ್‌ನಲ್ಲಿ ಐಸ್ ಮಾಡುವ ಯಂತ್ರಗಳ ಕೆಲಸಕ್ಕೆ ಸೇರಿದರು.

ಕಾಗದದ ಲೆಕ್ಕ, ಕಬ್ಬಿಣದ ಲೆಕ್ಕ

ಸೈಕಲ್ ಪಂಪಿನಲ್ಲಿ ಜೋರಾಗಿ ಗಾಳಿ ಹೊಡೆದರೆ ಪಂಪಿನ ತುದಿ ಬಿಸಿಯಾಗುವುದು ನಿಮಗೆ ಗೊತ್ತು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಹಿಡಿದದ್ದು ಇದೇ ಎಳೆಯನ್ನು. ಸಿಲಿಂಡರಿನೊಳಗೆ ಬರಿ ಗಾಳಿಯನ್ನು ಬಹಳ ಬಲವಾಗಿ ಒತ್ತಿ, ಅದು ಕೆಂಡದಷ್ಟು ಕಾದಾಗ ಇಂಧನ ಚಿಮ್ಮಿಸಿದರೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳಬೇಕು. 1892ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅವರ ಕಾಗದದ ಲೆಕ್ಕದಲ್ಲಿ ಇಂಧನದ ಶಾಖದಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಕೆಲಸವಾಗಿ ಸಿಗಬೇಕಿತ್ತು.

ಔಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಕಂಪನಿ ಹಣ ಹಾಕಿದವು. 1893ರ ಆಗಸ್ಟ್ 10ರಂದು ಮೊದಲ ಎಂಜಿನ್‌ಗೆ ಇಂಧನ ಬಿಟ್ಟಾಗ ಒಳಗಿನ ಒತ್ತಡ ಎಷ್ಟು ಏರಿತೆಂದರೆ, ಅದನ್ನು ಅಳೆಯುವ ಉಪಕರಣವೇ ಸಿಡಿದು ಚೂರಾಯಿತು. ಡೀಸೆಲ್ ಕೂದಲೆಳೆಯಲ್ಲಿ ಪಾರಾದರು. ಹಿಂದೆ ಅಮೋನಿಯ ಎಂಜಿನ್ ಪ್ರಯೋಗದಲ್ಲಿಯೂ ಸ್ಫೋಟವಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದವರು ಅವರು. 1894ರ ಫೆಬ್ರವರಿ 17ರಂದು ಎಂಜಿನ್ ಮೊದಲ ಬಾರಿಗೆ ತನ್ನ ಶಕ್ತಿಯಿಂದಲೇ ತಿರುಗಿತು, ಅದೂ ಒಂದೇ ನಿಮಿಷ.

ಇನ್ನೂ ಮೂರು ವರ್ಷ ಹಿಡಿಯಿತು. 1897ರ ಫೆಬ್ರವರಿಯಲ್ಲಿ ಮ್ಯೂನಿಕ್‌ನ ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಬಂದು ಎಂಜಿನ್ ಪರೀಕ್ಷಿಸಿದರು. ಸಿಕ್ಕ ಫಲ ನೂರಕ್ಕೆ 26.2. ಕಾಗದದ 70 ಎಲ್ಲಿ, 26 ಎಲ್ಲಿ? ಆದರೂ ಅಂದಿನ ಎಲ್ಲ ಎಂಜಿನ್‌ಗಳನ್ನೂ ಅದು ಹಿಂದೆ ಹಾಕಿತ್ತು. ಗಾಡಿಯ ಬ್ರೋಷರ್‌ನಲ್ಲಿರುವ ಅಂಕಿಯನ್ನು ರಸ್ತೆಯ ಮೇಲೆ ಹುಡುಕುವವರು ಇದನ್ನು ನೆನಪಿಡಬೇಕು.

19,600 ಸಿಸಿ, 18 ಕುದುರೆ

ಆ ಎಂಜಿನ್‌ಗೆ ಇದ್ದದ್ದು ಒಂದೇ ಸಿಲಿಂಡರ್. ಅಗಲ 25 ಸೆಂಟಿಮೀಟರ್, ಪಿಸ್ಟನ್ ಚಲಿಸುವ ಉದ್ದ 40 ಸೆಂಟಿಮೀಟರ್. ಗುಣಿಸಿ ನೋಡಿದರೆ 19.6 ಲೀಟರ್, ಅಂದರೆ 19,600 ಸಿಸಿ! ನಿಮಿಷಕ್ಕೆ 154 ಸುತ್ತಿನಲ್ಲಿ ಅದು ಕೊಟ್ಟ ಶಕ್ತಿ ಸುಮಾರು 18 ಅಶ್ವಶಕ್ತಿ. ಇಂದಿನ ಪವರ್ ಟಿಲ್ಲರ್‌ಗಿಂತ ತುಸು ಹೆಚ್ಚು, ಅಷ್ಟೇ.

ಸಿಸಿ ಜಾಸ್ತಿ ಇದ್ದರೆ ಮಾತ್ರ ಶಕ್ತಿ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಸಿಸಿ ಎಂದರೆ ಪಾತ್ರೆಯ ಗಾತ್ರ. ಅದನ್ನು ನಿಮಿಷಕ್ಕೆ ಎಷ್ಟು ಸಲ ತುಂಬುತ್ತೀರಿ, ಎಷ್ಟು ಒತ್ತಿ ತುಂಬುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಂದು ಸೇರಿಗೆ ರಾಗಿ ಹಿಟ್ಟನ್ನು ಸಡಿಲವಾಗಿ ಸುರಿಯಬಹುದು, ಅದುಮಿಯೂ ತುಂಬಬಹುದು. ಸೇರು ಅದೇ, ಹಿಟ್ಟು ಮಾತ್ರ ಹೆಚ್ಚು. ಎಂಜಿನ್‌ಗೆ ಗಾಳಿಯೇ ಹಿಟ್ಟು. ಗಾಳಿ ಹೆಚ್ಚಿದ್ದರೆ ಹೆಚ್ಚು ಇಂಧನ ಸುಡಬಹುದು.

ಡೀಸೆಲ್‌ಗೂ ಇದು ಹೊಳೆದಿತ್ತು. ಸಿಲಿಂಡರಿಗೆ ಹೋಗುವ ಗಾಳಿಯನ್ನು ಮೊದಲೇ ಒತ್ತಿ ಕಳಿಸುವ ಏರ್ಪಾಟನ್ನು ಇದೇ ಎಂಜಿನ್ ಮೇಲೆ ಪ್ರಯೋಗಿಸಿದರು. ಶಕ್ತಿ ಏನೋ ಏರಿತು, ಆದರೆ ಅದಕ್ಕೆ ತಕ್ಕ ಮೈಲೇಜ್ ಸಿಗಲಿಲ್ಲ. ಗಾಳಿ ಒತ್ತುವ ಕೆಲಸಕ್ಕೂ ಎಂಜಿನ್ನೇ ದುಡಿಯಬೇಕಿತ್ತು. ಇಂಧನ ಉಳಿಸುವುದೇ ಗುರಿಯಾಗಿದ್ದ ಡೀಸೆಲ್ ಅದನ್ನು ಕೈಬಿಟ್ಟರು.

ಬಿಟ್ಟ ಎಳೆಯನ್ನು ಹಿಡಿದವರು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ. ಹೊರಗೆ ಹೋಗುವ ಹೊಗೆಯಲ್ಲಿ ಇನ್ನೂ ಶಕ್ತಿಯಿದೆ, ಅದರಿಂದ ಒಂದು ಚಕ್ರ ತಿರುಗಿಸಿ ಅದೇ ಚಕ್ರದಿಂದ ಒಳಗಿನ ಗಾಳಿಯನ್ನು ಒತ್ತಬಹುದು ಎಂದು 1905ರಲ್ಲಿ ಪೇಟೆಂಟ್ ಪಡೆದರು. ಇದೇ ಟರ್ಬೊ. 1920ರ ದಶಕದಲ್ಲಿ ಹಡಗುಗಳಿಗೆ, ಆಮೇಲೆ ಲಾರಿಗಳಿಗೆ, 1978ರಲ್ಲಿ ಮರ್ಸಿಡಿಸ್ ಕಾರಿಗೆ ಬಂತು.

ಬಿಡದಿಯಲ್ಲಿ ಅದೇ ಲೆಕ್ಕ

ಇದರ ಫಲ ನೋಡಲು ತಿಪ್ಪಸಂದ್ರದವರು ದೂರ ಹೋಗಬೇಕಿಲ್ಲ. ಮಾಗಡಿ ದಾಟಿದರೆ ಬಿಡದಿ, ಅಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ. ಅಲ್ಲಿ ತಯಾರಾಗುವ ಫಾರ್ಚೂನರ್ 2009ರಲ್ಲಿ ಬಂದಾಗ ಎಂಜಿನ್ 2,982 ಸಿಸಿ. ಶಕ್ತಿ 171 ಪಿಎಸ್, ಅಂದರೆ ಹೆಚ್ಚುಕಡಿಮೆ ಅಷ್ಟೇ ಅಶ್ವಶಕ್ತಿ. ಎಳೆತ 343 ಎನ್‌ಎಂ. 2021ರ ಆಟೋಮ್ಯಾಟಿಕ್ ಫಾರ್ಚೂನರ್‌ನಲ್ಲಿ ಎಂಜಿನ್ 2,755 ಸಿಸಿಗೆ ಇಳಿದಿದೆ, ಶಕ್ತಿ 204 ಪಿಎಸ್‌ಗೆ, ಎಳೆತ 500 ಎನ್‌ಎಂಗೆ ಏರಿದೆ. ಪಾತ್ರೆ ಸಣ್ಣದಾಯಿತು, ಕೆಲಸ ಹೆಚ್ಚಾಯಿತು. ಡೀಸೆಲ್ ಅವರ ಎಂಜಿನ್‌ನ ಏಳನೇ ಒಂದು ಭಾಗದ ಗಾತ್ರ, ಹನ್ನೊಂದು ಪಟ್ಟು ಶಕ್ತಿ.

ಎರಡು ಟನ್ ಮೀರಿದ ಫೋರ್ ವೀಲ್ ಡ್ರೈವ್‌ಗೆ ಸಣ್ಣದಾದ ಟರ್ಬೊ ಡೀಸೆಲ್ ಹೊಂದುತ್ತದೆಯೇ ಎಂದರೆ, ಹೌದು. ಆದರೆ ಎಷ್ಟು ಸಣ್ಣದು, ಯಾವ ಕೆಲಸಕ್ಕೆ ಎಂಬುದರಲ್ಲಿದೆ ಗುಟ್ಟು.

ಮಹೀಂದ್ರ ಥಾರ್ ನೋಡಿ. 2023ರಲ್ಲಿ ಅದಕ್ಕೆ 1,497 ಸಿಸಿ ಡೀಸೆಲ್ ಎಂಜಿನ್ ಬಂತು. ಎಳೆತ 300 ಎನ್‌ಎಂ. 2020ರ 2.2 ಲೀಟರ್ ಡೀಸೆಲ್ ಥಾರ್‌ಗೂ ಬ್ರೋಷರ್‌ನಲ್ಲಿ ಇದ್ದದ್ದು ಅಷ್ಟೇ. ಹಾಗಿದ್ದೂ ಕಂಪನಿ ಸಣ್ಣ ಎಂಜಿನನ್ನು ಹಿಂದಿನ ಚಕ್ರ ಮಾತ್ರ ಎಳೆಯುವ ಥಾರ್‌ಗೆ ಹಾಕಿತು, ಫೋರ್ ವೀಲ್ ಡ್ರೈವ್‌ಗೆ 2.2 ಲೀಟರನ್ನೇ ಉಳಿಸಿತು. ನಾಲ್ಕು ಮೀಟರಿನೊಳಗಿನ ಗಾಡಿಗೆ 1,500 ಸಿಸಿ ಒಳಗಿನ ಡೀಸೆಲ್ ಇದ್ದರೆ ತೆರಿಗೆ ಕಡಿಮೆ ಎಂಬುದೂ ಸಣ್ಣ ಎಂಜಿನ್ ಬರಲು ಕಾರಣ. ಎಂಜಿನ್ ಸಣ್ಣದಾಗುವುದು ಯಾವಾಗಲೂ ನಿಮ್ಮ ಅನುಕೂಲಕ್ಕೇ ಅಲ್ಲ.

ಬ್ರೋಷರ್‌ನ 300 ಎನ್‌ಎಂ ಸಿಗುವುದು ಟರ್ಬೊ ತುಂಬಿ ಬೀಸುವಾಗ, ಸುಮಾರು 1,600-1,800 ಸುತ್ತಿನ ಮೇಲೆ. ಕೆಸರಿನಲ್ಲಿ ಸಿಕ್ಕ ಗಾಡಿ, ಲೋಡ್ ಹೊತ್ತು ಏರಿನಲ್ಲಿ ನಿಂತ ಗಾಡಿ ಹೊರಡುವುದು ಅದಕ್ಕಿಂತ ಕೆಳಗೆ. ಆಗ ಹೊಗೆ ಕಡಿಮೆ, ಟರ್ಬೊ ಇನ್ನೂ ಎದ್ದಿರುವುದಿಲ್ಲ. ಆ ಕ್ಷಣಕ್ಕೆ 1.5 ಲೀಟರ್ ಎಂಜಿನ್ ಬರಿ 1.5 ಲೀಟರ್ ಅಷ್ಟೇ. ಚಾಲಕರು ಆಕ್ಸಿಲರೇಟರ್ ಒತ್ತಿ ಕ್ಲಚ್ ತೇಯುತ್ತಾರೆ. ಮೊದಲು ಸವೆಯುವುದು ಕ್ಲಚ್.

ಇದಕ್ಕೆ ಮದ್ದು ಲೋ ರೇಂಜ್ ಗೇರು. ನಿಜವಾದ ಫೋರ್ ವೀಲ್ ಡ್ರೈವ್‌ಗಳಲ್ಲಿ ಎರಡನೇ ಗೇರ್ ಕಡ್ಡಿಯಲ್ಲೋ ಗುಂಡಿಯಲ್ಲೋ ಇರುವ ಈ ಗೇರು ಎಳೆತವನ್ನು ಸುಮಾರು ಎರಡೂವರೆ ಪಟ್ಟು ಮಾಡುತ್ತದೆ. ಚಕ್ರ ನಿಧಾನವಾಗಿ ತಿರುಗಿದರೂ ಎಂಜಿನ್ ಟರ್ಬೊ ಬೀಸುವ ಸುತ್ತಿನಲ್ಲೇ ಇರುತ್ತದೆ. ಲೋ ರೇಂಜ್ ಇರುವ ಗಾಡಿಗೆ ಸಣ್ಣ ಎಂಜಿನ್ ಅಷ್ಟು ಕಷ್ಟವಲ್ಲ. ಅದಿಲ್ಲದೆ ಕೆಸರಿಗೆ ಇಳಿದರೆ ಕಷ್ಟ.

ಇನ್ನು ಬಾಳಿಕೆ. ಹಳೆಯ ಟಾಟಾ 1613 ಲಾರಿ ಗೊತ್ತಲ್ಲ? 16 ಎಂದರೆ ಸುಮಾರು 16 ಟನ್, 13 ಎಂದರೆ ಸುಮಾರು 130 ಅಶ್ವಶಕ್ತಿ. ಎಂಜಿನ್ ಸುಮಾರು 5.7 ಲೀಟರ್, ಅದೂ ಟರ್ಬೊ. ಟರ್ಬೊ ಎಂದರೆ ಬಾಳಿಕೆ ಇಲ್ಲ ಎನ್ನುವವರಿಗೆ ಈ ಲಾರಿಯೇ ಉತ್ತರ. ಆದರೆ ಇನ್ನೊಂದು ಮಗ್ಗುಲೂ ಇದೆ. 1.5 ಲೀಟರ್ ಥಾರ್ ಎಂಜಿನ್‌ನ ಶಕ್ತಿಯೂ 118 ಪಿಎಸ್, ಹೆಚ್ಚುಕಡಿಮೆ ಆ ಲಾರಿಯಷ್ಟೇ. ಅದನ್ನು ತೆಗೆದು ಲಾರಿಗೆ ಹಾಕಲಾಗದು. ಲಾರಿ ಎಂಜಿನ್ ಆ ಶಕ್ತಿಯನ್ನು ದಿನವಿಡೀ ಕೊಡಬೇಕು, ಕಾರಿನ ಎಂಜಿನ್ ಓವರ್‌ಟೇಕ್ ಮಾಡುವ ಕೆಲವು ಸೆಕೆಂಡು ಕೊಟ್ಟರೆ ಸಾಕು. ದೊಡ್ಡ ಸಿಸಿಯಿಂದ ನಿಮಗೆ ಸಿಗುವುದು ಮುಖ್ಯವಾಗಿ ಇದೇ: ಬಹಳ ಹೊತ್ತು ದುಡಿದರೂ ಕಾಯದಿರುವ ತಾಳಿಕೆ.

ಹಣ ಬಂತು, ಹೋಯಿತು

ಈ ತಾಳಿಕೆಯ ಪಾಠವನ್ನು ಡೀಸೆಲ್ ಬಹಳ ಬೆಲೆ ತೆತ್ತು ಕಲಿತರು. 1897ರ ಪರೀಕ್ಷೆಯ ಸುದ್ದಿ ಹಬ್ಬುತ್ತಿದ್ದಂತೆ ಪರವಾನಗಿಗೆ ದೇಶದೇಶಗಳಿಂದ ಜನ ಬಂದರು. ಅಮೆರಿಕದ ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ ಹತ್ತು ಲಕ್ಷ ಮಾರ್ಕ್ ಕೊಟ್ಟರು. ಆದರೆ ಪ್ರಯೋಗಶಾಲೆಯಲ್ಲಿ ಓಡಿದ ಎಂಜಿನ್ ಗಿರಾಕಿಯ ಕಾರ್ಖಾನೆಯಲ್ಲಿ ದಿನವಿಡೀ ಓಡಬೇಕಾದಾಗ ಪದೇ ಪದೇ ಕೆಟ್ಟಿತು. ಔಗ್ಸ್‌ಬರ್ಗ್‌ನಲ್ಲಿ 1898ರಲ್ಲಿ ಶುರುವಾದ ಡೀಸೆಲ್ ಎಂಜಿನ್ ಕಂಪನಿ ಏಳಲೇ ಇಲ್ಲ. ಎಂಜಿನ್ ನಿಜಕ್ಕೂ ನಂಬುವಂತಾದದ್ದು ವರ್ಷಗಟ್ಟಲೆ ತಿದ್ದಿದ ಮೇಲೆ, ಹೆಚ್ಚಾಗಿ ಬೇರೆಯವರ ಕೈಯಲ್ಲಿ. ಡೀಸೆಲ್ ಆರೋಗ್ಯ ಕೆಟ್ಟಿತು. ಪೇಟೆಂಟ್ ಜಗಳ, ಮ್ಯೂನಿಕ್‌ನ ಭಾರಿ ಮನೆ, ಜಮೀನು ವ್ಯವಹಾರದಲ್ಲಿ ಹಣ ಕರಗಿತು.

ಕಡಲೆಕಾಯಿ ಎಣ್ಣೆಯ ಕಥೆ ಅರ್ಧ ನಿಜ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಟ್ಟೊ ಕಂಪನಿಯ ಸಣ್ಣ ಡೀಸೆಲ್ ಎಂಜಿನ್ ಒಂದು ಆ ಎಣ್ಣೆಯಲ್ಲಿ ಓಡಿತು, ಫ್ರೆಂಚ್ ಸರ್ಕಾರದ ಆಸಕ್ತಿಯಿಂದ. ಡೀಸೆಲ್ ಮುಂದೆ ಸಸ್ಯತೈಲದ ಬಗ್ಗೆ ಆಸೆಯಿಂದ ಮಾತಾಡಿದ್ದೂ ಹೌದು. ಆದರೆ ಎಂಜಿನ್ ಹುಟ್ಟಿದ್ದು ಆ ಎಣ್ಣೆಗಾಗಿ ಅಲ್ಲ, 1897ರ ಪರೀಕ್ಷೆ ನಡೆದದ್ದು ಸೀಮೆಎಣ್ಣೆಯಲ್ಲಿ. ಇದನ್ನು ಓದಿ ಇಂದಿನ ಟರ್ಬೊ ಡೀಸೆಲ್ ಗಾಡಿಗೆ ಹೊಂಗೆ ಎಣ್ಣೆಯನ್ನೋ ಅಡುಗೆ ಎಣ್ಣೆಯನ್ನೋ ನೇರ ಸುರಿಯಬೇಡಿ. ಗಟ್ಟಿ ಎಣ್ಣೆ ಸೂಕ್ಷ್ಮವಾದ ಇಂಜೆಕ್ಟರ್‌ಗಳನ್ನು ಕಟ್ಟಿಸುತ್ತದೆ, ರಿಪೇರಿ ಖರ್ಚು ದೊಡ್ಡದು.

1913ರ ಸೆಪ್ಟೆಂಬರ್ 29ರ ಸಂಜೆ ಡೀಸೆಲ್ ಆಂಟ್ವರ್ಪ್‌ನಲ್ಲಿ ಡ್ರೆಸ್ಡನ್ ಎಂಬ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟರು. ರಾತ್ರಿ ಊಟ ಮುಗಿಸಿ ಕೋಣೆಗೆ ಹೋದವರು ಬೆಳಿಗ್ಗೆ ಇರಲಿಲ್ಲ. ಹಾಸಿಗೆಯಲ್ಲಿ ಮಲಗಿದ ಗುರುತಿರಲಿಲ್ಲ. ಸುಮಾರು ಹತ್ತು ದಿನದ ಮೇಲೆ ಡಚ್ ದೋಣಿಯವರಿಗೆ ಸಮುದ್ರದಲ್ಲಿ ಶವ ಸಿಕ್ಕಿತು. ಅದರ ಜೇಬಿನ ಸಾಮಾನುಗಳನ್ನು ಮಗ ಗುರುತಿಸಿದ. ವಯಸ್ಸು 55. ಅಷ್ಟರಲ್ಲಿ ಅವರು ಸಾಲದಲ್ಲಿ ಮುಳುಗಿದ್ದರು ಎಂಬುದು ಆಮೇಲೆ ಬೆಳಕಿಗೆ ಬಂತು. ಕೊಲೆ ಎಂಬುದಕ್ಕೆ ಇಂದಿಗೂ ಪುರಾವೆಯಿಲ್ಲ. ಹೆಚ್ಚಿನ ಜೀವನಚರಿತ್ರೆಕಾರರು ಆತ್ಮಹತ್ಯೆ ಎಂದೇ ನಂಬುತ್ತಾರೆ. ತೈಲ ಕಂಪನಿ ಕೊಲ್ಲಿಸಿತು ಎಂಬುದು ಫಾರ್ವರ್ಡ್ ಮಾಡುವವರ ಕಲ್ಪನೆ.

ಗಾಡಿ ನೋಡುವಾಗ ಏನು ಕೇಳಬೇಕು?

• ಎಷ್ಟು ಎಳೆತ ಎಂಬುದರ ಜೊತೆಗೆ ಅದು ಎಷ್ಟು ಸುತ್ತಿನಿಂದ ಸಿಗುತ್ತದೆ ಎಂದೂ ಕೇಳಿ. ಕಡಿಮೆ ಸುತ್ತಿನಿಂದ ಸಿಕ್ಕಷ್ಟೂ ಒಳ್ಳೆಯದು.
• ಕೆಸರು, ಏರು ಇರುವ ಕಡೆ ಓಡಿಸುವುದಾದರೆ ಲೋ ರೇಂಜ್ ಇದೆಯೇ, ಈಗಲೂ ಬೀಳುತ್ತದೆಯೇ ಎಂದು ಹಾಕಿ ನೋಡಿ.
• ಟೆಸ್ಟ್ ಡ್ರೈವ್ ಹೆದ್ದಾರಿಯಲ್ಲಿ ಮಾತ್ರ ಬೇಡ. ಮನೆಯವರನ್ನೆಲ್ಲ ಕೂರಿಸಿಕೊಂಡು ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಕ್ಲಚ್ ವಾಸನೆ ಬಂದರೆ ಯೋಚಿಸಿ.
• ದಿನವೂ ಟ್ರೇಲರ್ ಎಳೆಯುವುದು, ಭಾರ ಹೊರುವುದು ಇದ್ದರೆ ದೊಡ್ಡ ಎಂಜಿನ್ನೇ ಸರಿ. ವರ್ಷಕ್ಕೆ ನಾಲ್ಕು ಸಲ ಕೆಸರು, ಉಳಿದಂತೆ ರಸ್ತೆ ಎಂದರೆ ಸಣ್ಣ ಟರ್ಬೊ ಸಾಕು, ಡೀಸೆಲ್ ಖರ್ಚೂ ಕಡಿಮೆ.
• ಟರ್ಬೊ ಬಾಳುವುದು ಎಂಜಿನ್ ಆಯಿಲ್ ಮೇಲೆ. ಹೊತ್ತಿಗೆ ಸರಿಯಾಗಿ, ಕಂಪನಿ ಹೇಳಿದ ದರ್ಜೆಯದೇ ಹಾಕಿಸಿದ ದಾಖಲೆ ಇಲ್ಲದ ಗಾಡಿ ಬೇಡ. ದೊಡ್ಡ ಏರು ಹತ್ತಿಸಿದ ಮೇಲೆ ಎಂಜಿನ್ ಆಫ್ ಮಾಡುವ ಮುನ್ನ ಸ್ವಲ್ಪ ಹೊತ್ತು ಹಾಗೇ ಓಡಲು ಬಿಡಿ.

ಎಂಜಿನ್ ದೊಡ್ಡದೋ ಸಣ್ಣದೋ ಎನ್ನುವುದಕ್ಕಿಂತ ಅದು ದಿನವೂ ಎಷ್ಟು ದುಡಿಯಬೇಕು ಎಂಬುದೇ ಮುಖ್ಯ. ಒಂದು ನಿಮಿಷ ಓಡಿದ ಎಂಜಿನ್‌ಗೂ ವರ್ಷಗಟ್ಟಲೆ ಓಡುವ ಎಂಜಿನ್‌ಗೂ ಇರುವ ಅಂತರವನ್ನು ಡೀಸೆಲ್ ಬದುಕು ತೋರಿಸುತ್ತದೆ. ಮುಂದಿನ ಸಲ ಆ ಫಾರ್ವರ್ಡ್ ಗ್ರೂಪಿಗೆ ಬಂದಾಗ, ಅದರ ಕೆಳಗೆ ಇದನ್ನು ಹಾಕಿ.