ತೋಪಿನ ಹೊಗೆ ಸೀಳಿದ ರಾಯ

ಭಾನುವಾರ ಬಂತೆಂದರೆ ಮಲಪನಗುಡಿಯ ನಾವು ಐದು ಮಂದಿ ಗೆಳೆಯರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಲು ಕೂರುತ್ತೇವೆ. ದಾಳ ಉರುಳಿಸಿ, ಕಥೆ ಹೇಳಿಕೊಂಡು ಆಡುವ ಆಟ. ಅದರಲ್ಲಿ ನಮ್ಮನ್ನು ಸೋಲಿಸುವುದು ದೊಡ್ಡ ಮಂತ್ರಗಳಲ್ಲ, ಸಣ್ಣವು. ಒಂದಕ್ಕೆ ನೆಲ ಜಾರುತ್ತದೆ, ಇನ್ನೊಂದಕ್ಕೆ ಬಲೆ ಹರಡುತ್ತದೆ, ಮತ್ತೊಂದಕ್ಕೆ ಮಂಜು ಕವಿಯುತ್ತದೆ. ಅವು ಕೊಲ್ಲುವುದಿಲ್ಲ, ನಿಂತಲ್ಲೇ ಕಟ್ಟಿಹಾಕುತ್ತವೆ. ಆದರೆ ಪ್ರತಿಯೊಂದಕ್ಕೂ ಒಂದು ಮಿತಿಯಿದೆ. ಬಲೆ ಬೆಂಕಿಗೆ ಸುಡುತ್ತದೆ, ಮಂಜು ಬಿರುಗಾಳಿಗೆ ಚದುರುತ್ತದೆ. ಎಲ್ಲರೂ ಒಂದೇ ಕಡೆ ಗುಂಪುಗಟ್ಟದೆ ಒಬ್ಬನಾದರೂ ಹೊರಗಿದ್ದರೆ ಆಟ ಉಳಿಯುತ್ತದೆ. ಇದನ್ನು ನಿಜವಾದ ರಣರಂಗದಲ್ಲಿ ಮಾಡಿ ತೋರಿಸಿದವನು ನಮ್ಮ ಪಕ್ಕದ ಹಂಪಿಯಲ್ಲೇ ಇದ್ದ. ಅವನೇ ಕೃಷ್ಣದೇವರಾಯ.

ತುಳುವ ನರಸನಾಯಕ ಮತ್ತು ನಾಗಲಾಂಬಿಕೆಯ ಈ ಮಗ, ಅಣ್ಣ ವೀರನರಸಿಂಹನ ನಂತರ 1509ರಲ್ಲಿ ವಿಜಯನಗರದ ಪಟ್ಟವೇರಿದ. ಉತ್ತರದಲ್ಲಿ ಸುಲ್ತಾನರು, ದಕ್ಷಿಣದಲ್ಲಿ ಬಂಡೆದ್ದ ಉಮ್ಮತ್ತೂರು, ಪೂರ್ವದಲ್ಲಿ ಗಜಪತಿ. ಬೆನ್ನಿಗೆ ನಿಂತವನು ಮಂತ್ರಿ ತಿಮ್ಮರಸು. ರಾಯನಿಗೆ ಅವನು ‘ಅಪ್ಪಾಜಿ’. ರಾಯ ಬೆಳಕು ಹರಿಯುವ ಮುನ್ನವೇ ಎದ್ದು ಮೈಗೆ ಎಳ್ಳೆಣ್ಣೆ ಹಚ್ಚಿ, ಕತ್ತಿ ಬೀಸಿ, ಕುಸ್ತಿ ಹಿಡಿದು, ಕುದುರೆ ಓಡಿಸುತ್ತಿದ್ದ ಎಂದು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿಟ್ಟಿದ್ದಾನೆ.

ಗಜಪತಿಯ ಉದಯಗಿರಿ ಕೋಟೆಗೆ ಇದ್ದದ್ದು ಇಕ್ಕಟ್ಟಾದ ಒಂದೇ ಹಾದಿ. ಅಲ್ಲಿ ನುಗ್ಗಿದರೆ ಸಾವು. ರಾಯ ನುಗ್ಗಲಿಲ್ಲ. ಕೋಟೆಯನ್ನು ಸುತ್ತುವರಿದು ಕುಳಿತು, ಬಂಡೆಗಳನ್ನು ಒಡೆಸಿ ಅಗಲವಾದ ದಾರಿ ಮಾಡಿಸಿದ. ಸುಮಾರು ಒಂದೂವರೆ ವರ್ಷದ ನಂತರ, 1514ರಲ್ಲಿ ಕೋಟೆ ಕೈಸೇರಿತು. ಅಲ್ಲಿಂದ ತಂದ ಬಾಲಕೃಷ್ಣನಿಗಾಗಿ ಕಟ್ಟಿದ ಗುಡಿಯನ್ನು ನಾವು ಇಂದಿಗೂ ಹಂಪಿಯಲ್ಲಿ ನೋಡುತ್ತೇವೆ.

ದೊಡ್ಡ ಪರೀಕ್ಷೆ ಬಂದದ್ದು 1520ರ ಮೇ ತಿಂಗಳಲ್ಲಿ, ರಾಯಚೂರಿನ ಬಳಿ. ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹ ತನ್ನ ತೋಪುಗಳನ್ನೆಲ್ಲ ಒಮ್ಮೆಗೇ ಹಾರಿಸಿದ. ವಿಜಯನಗರದ ಮುಂದಿನ ಸಾಲು ಮುರಿದು ಹಿಂದಕ್ಕೋಡಿತು. ಆದರೆ ರಾಯನಿದ್ದದ್ದು ಎರಡನೆಯ ಸಾಲಿನಲ್ಲಿ. ತಾನು ಸತ್ತರೆ ರಾಣಿಯರಿಗೆ ಗುರುತಾಗಿ ತೋರಿಸಲೆಂದು ಉಂಗುರ ತೆಗೆದು ಸೇವಕನ ಕೈಗಿತ್ತು, ಕುದುರೆಯೇರಿ ಉಳಿದ ದಳಗಳೊಂದಿಗೆ ಮುನ್ನುಗ್ಗಿದ. ಒಮ್ಮೆ ಹಾರಿದ ತೋಪಿಗೆ ಮತ್ತೆ ಮದ್ದು ತುಂಬಲು ಹೊತ್ತು ಬೇಕು. ಆ ಹೊತ್ತನ್ನು ರಾಯ ಕೊಡಲಿಲ್ಲ. ಶತ್ರುಸೇನೆ ಕೃಷ್ಣಾ ನದಿಯವರೆಗೆ ಓಡಿತು. ಮುಂದೆ ರಾಯಚೂರು ಕೋಟೆಯೂ ಬಿತ್ತು.

ಹೊರಗಿನ ಬಲೆಗಳನ್ನೆಲ್ಲ ಹರಿದ ಈ ರಾಯ ಕೊನೆಗೆ ಮನಸ್ಸಿನ ಮಂಜಿನಲ್ಲಿ ದಾರಿ ತಪ್ಪಿದ. ಎಳೆಯ ಮಗ ತಿರುಮಲರಾಯ ತೀರಿಕೊಂಡಾಗ, ವಿಷವಿಕ್ಕಿದರೆಂಬ ಅನುಮಾನ ಅಪ್ಪಾಜಿಯ ಮನೆತನದ ಮೇಲೆ ಹೋಯಿತು. ತಂದೆಯಂತಿದ್ದ ತಿಮ್ಮರಸುವನ್ನು ಸೆರೆಗೆ ತಳ್ಳಿ ಕಣ್ಣು ಕೀಳಿಸಿದನೆಂದು ನೂನಿಜ್ ಬರೆಯುತ್ತಾನೆ. ರಾಯಚೂರಿನಲ್ಲಿ ಇದ್ದ ಎರಡನೆಯ ಸಾಲು ಇಲ್ಲಿರಲಿಲ್ಲ. ಬುದ್ಧಿ ಹೇಳಬಲ್ಲವನನ್ನೇ ಅವನು ಸೆರೆಗೆ ಹಾಕಿದ್ದ. 1529ರಲ್ಲಿ ರಾಯನೂ ಹೋದ.

ಹೊಸಪೇಟೆಯಿಂದ ಊರಿಗೆ ಮರಳುವಾಗ, ಆ ಮಗನ ಹೆಸರಿನಲ್ಲಿ ಕಟ್ಟಿದ ಊರಿನ ಅನಂತಶಯನ ಗುಡಿ ಬಸ್ಸಿನ ಕಿಟಕಿಯಲ್ಲಿ ಕಾಣುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಪಟ್ಟಿಯಲ್ಲಿ ಎರಡನೆಯ ಬಾರಿಯೂ ಹೆಸರಿಲ್ಲದೆ ಬಂದ ದಿನ ಅದನ್ನು ತುಂಬ ಹೊತ್ತು ನೋಡಿದೆ. ನನ್ನ ಮುಂದಿನ ಸಾಲು ಮುರಿದಿತ್ತು, ನಿಜ. ಆದರೆ ತೋಪು ಹಾರಿಯಾಗಿತ್ತು. ಮನೆಗೆ ಹೋಗಿ, ಅಪ್ಪನ ಮೇಲೆ ಸಿಟ್ಟಾಗದೆ, ಪುಸ್ತಕ ತೆರೆದೆ.