ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (ಜನವರಿ 12, 1895 – ಆಗಸ್ಟ್ 8, 1948) ಭಾರತೀಯ ಜೀವರಸಾಯನ ವಿಜ್ಞಾನಿ. ಜೀವಕೋಶಗಳಲ್ಲಿ ಶಕ್ತಿಯ ವಾಹಕವಾಗಿರುವ ಅಡಿನೋಸಿನ್ ಟ್ರೈಫಾಸ್ಫೇಟ್ (ಎಟಿಪಿ) ಅಣುವನ್ನು ಮೊದಲು ಗುರುತಿಸಿದವರಲ್ಲಿ ಇವರೂ ಒಬ್ಬರು. ಫೋಲಿಕ್ ಆಮ್ಲದ ಸಂಶ್ಲೇಷಣೆ ಹಾಗೂ ಆನೆಕಾಲು ರೋಗದ ಔಷಧದ ಅಭಿವೃದ್ಧಿ ಇವರ ನೇತೃತ್ವದಲ್ಲಿ ನಡೆದವು.

ಆರಂಭಿಕ ಜೀವನ

ಸುಬ್ಬರಾವ್ ಅವರು ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ, ಇಂದಿನ ಆಂಧ್ರಪ್ರದೇಶದ ಭೀಮವರಂನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಮೂರನೆಯ ಪ್ರಯತ್ನದಲ್ಲಿ ತೇರ್ಗಡೆಯಾದರು. ಬಳಿಕ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯ ಶಸ್ತ್ರಚಿಕಿತ್ಸಾ ಉಡುಪನ್ನು ಧರಿಸಿದ್ದು ಬ್ರಿಟಿಷ್ ಪ್ರಾಧ್ಯಾಪಕರ ಅಸಮಾಧಾನಕ್ಕೆ ಕಾರಣವಾಯಿತು, ಪೂರ್ಣ ಎಂ.ಬಿ.ಬಿ.ಎಸ್. ಪದವಿಯ ಬದಲು ಅವರಿಗೆ ಕೆಳದರ್ಜೆಯ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ದೊರೆಯಿತು. ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸಿದರು. ಇಬ್ಬರು ಸಹೋದರರು ಸ್ಪ್ರೂ ಎಂಬ ಉಷ್ಣವಲಯದ ಕಾಯಿಲೆಗೆ ಕೆಲವೇ ದಿನಗಳ ಅಂತರದಲ್ಲಿ ಬಲಿಯಾದದ್ದು ಅವರ ಮೇಲೆ ಆಳವಾದ ಪರಿಣಾಮ ಬೀರಿತು.

ಹಾರ್ವರ್ಡ್‌ನಲ್ಲಿ ಸಂಶೋಧನೆ

1920ರ ದಶಕದ ಆರಂಭದಲ್ಲಿ ಮಾವನವರ ಧನಸಹಾಯದಿಂದ ಬೋಸ್ಟನ್‌ಗೆ ತೆರಳಿದ ಸುಬ್ಬರಾವ್, ಹಾರ್ವರ್ಡ್‌ನಲ್ಲಿ ಉಷ್ಣವಲಯದ ವೈದ್ಯಶಾಸ್ತ್ರವನ್ನು ಅಭ್ಯಸಿಸಿದರು. ಜೀವನೋಪಾಯಕ್ಕಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸವನ್ನೂ ಮಾಡಿದರು. ನಂತರ ಸೈರಸ್ ಫಿಸ್ಕೆ ಅವರೊಡನೆ ಸಂಶೋಧನೆಯಲ್ಲಿ ತೊಡಗಿದರು.

1925ರಲ್ಲಿ ಇವರಿಬ್ಬರೂ ದೇಹದ್ರವಗಳಲ್ಲಿರುವ ರಂಜಕದ ಪ್ರಮಾಣವನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಇದು ಫಿಸ್ಕೆ–ಸುಬ್ಬರಾವ್ ವಿಧಾನವೆಂದು ಪ್ರಸಿದ್ಧವಾಗಿದೆ. ಇದರ ನೆರವಿನಿಂದ 1927ರಲ್ಲಿ ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನ್ ಇರುವುದನ್ನು ಕಂಡುಹಿಡಿದರು. ಸ್ನಾಯು ಸಂಕುಚನಕ್ಕೆ ಗ್ಲೈಕೋಜನ್ ಲ್ಯಾಕ್ಟಿಕ್ ಆಮ್ಲವಾಗುವುದೇ ನೇರ ಕಾರಣವೆಂಬ ಅಂದಿನ ನಂಬಿಕೆಯನ್ನು ಮರುಪರಿಶೀಲಿಸಲು ಈ ಶೋಧ ದಾರಿ ಮಾಡಿತು.

1929ರಲ್ಲಿ ಅವರು ಸ್ನಾಯುಗಳಿಂದ ಎಟಿಪಿಯನ್ನು ಬೇರ್ಪಡಿಸಿದ ವಿವರವನ್ನು ಪ್ರಕಟಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಸ್ವತಂತ್ರವಾಗಿ ಈ ಅಣುವನ್ನು ಕಂಡುಹಿಡಿದರು. ಎಟಿಪಿಯಲ್ಲಿ ಅಡಿನೀನ್, ರೈಬೋಸ್ ಸಕ್ಕರೆ ಹಾಗೂ ಮೂರು ಫಾಸ್ಫೇಟ್ ಗುಂಪುಗಳಿವೆ. ಕೊನೆಯ ಫಾಸ್ಫೇಟ್ ಜಲವಿಚ್ಛೇದನೆಯಿಂದ ಬೇರ್ಪಟ್ಟಾಗ ಬಿಡುಗಡೆಯಾಗುವ ಶಕ್ತಿಯನ್ನು ಜೀವಕೋಶವು ತನ್ನ ಕಾರ್ಯಗಳಿಗೆ ಬಳಸಿಕೊಳ್ಳುತ್ತದೆ. ಶಕ್ತಿ ವಿನಿಮಯದಲ್ಲಿ ಇದರ ಕೇಂದ್ರ ಪಾತ್ರವನ್ನು 1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಪ್ರತಿಪಾದಿಸಿದರು.

ಸುಬ್ಬರಾವ್ 1930ರಲ್ಲಿ ಪಿಎಚ್.ಡಿ. ಪದವಿ ಪಡೆದರೂ ಹಾರ್ವರ್ಡ್‌ನಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ.

ಲೆಡರ್ಲಿ ಪ್ರಯೋಗಾಲಯದಲ್ಲಿ

1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯವನ್ನು ಸೇರಿ, ಅಲ್ಲಿನ ಸಂಶೋಧನೆಯ ಹೊಣೆ ಹೊತ್ತರು. ಅವರ ತಂಡವು ಫೋಲಿಕ್ ಆಮ್ಲವನ್ನು ಸಂಶ್ಲೇಷಿಸಿತು. ಸ್ಪ್ರೂ ರೋಗದ ಚಿಕಿತ್ಸೆಯಲ್ಲಿ ಅದು ಉಪಯುಕ್ತವೆನಿಸಿತು. ಫೋಲಿಕ್ ಆಮ್ಲದ ಕ್ರಿಯೆಯನ್ನು ತಡೆಯುವ ಅಮಿನಾಪ್ಟೆರಿನ್ ಮತ್ತು ಮೆಥೋಟ್ರೆಕ್ಸೇಟ್ ಕೂಡ ಇಲ್ಲಿಯೇ ರೂಪುಗೊಂಡವು. ಸಿಡ್ನಿ ಫಾರ್ಬರ್ ಅವರು ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಅಮಿನಾಪ್ಟೆರಿನ್ ಬಳಸಿ, ತಾತ್ಕಾಲಿಕ ಉಪಶಮನ ಸಾಧ್ಯವೆಂದು 1948ರಲ್ಲಿ ವರದಿ ಮಾಡಿದರು. ಆನೆಕಾಲು ರೋಗಕ್ಕೆ ಇಂದಿಗೂ ನೀಡಲಾಗುವ ಡೈಈಥೈಲ್‌ಕಾರ್ಬಮಜೈನ್ ಹಾಗೂ ಟೆಟ್ರಾಸೈಕ್ಲಿನ್ ವರ್ಗದ ಮೊದಲ ಪ್ರತಿಜೀವಕವಾದ ಆರಿಯೋಮೈಸಿನ್ ಇದೇ ಅವಧಿಯ ಸಾಧನೆಗಳು. ಆರಿಯೋಮೈಸಿನ್ನನ್ನು ಅದೇ ಸಂಸ್ಥೆಯ ಬೆಂಜಮಿನ್ ಡಗ್ಗರ್ ಕಂಡುಹಿಡಿದರು.

ನಿಧನ ಮತ್ತು ಸ್ಮರಣೆ

1948ರಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ಹೃದಯಾಘಾತದಿಂದ ನಿಧನರಾದರು. ಅಮೆರಿಕಕ್ಕೆ ತೆರಳಿದ ಬಳಿಕ ಅವರು ಸ್ವದೇಶಕ್ಕೆ ಮರಳಲಿಲ್ಲ. ಪತ್ನಿ ಶೇಷಗಿರಿ ಭಾರತದಲ್ಲಿಯೇ ಉಳಿದಿದ್ದರು. ಅವರ ತಂಡದ ಔಷಧಗಳು ಜಗತ್ತಿನಾದ್ಯಂತ ಬಳಕೆಗೆ ಬಂದರೂ ಅವರ ಹೆಸರು ಬಹುಕಾಲ ವ್ಯಾಪಕವಾಗಿ ಪ್ರಚಾರಗೊಳ್ಳಲಿಲ್ಲ. ಶಿಲೀಂಧ್ರದ ಒಂದು ಜಾತಿಗೆ ಸುಬ್ಬರೋಮೈಸಿಸ್ ಎಂದು ಅವರ ಹೆಸರಿಡಲಾಗಿದೆ. ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತೀಯ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.